ಸಾಕ್ಷಿಗೆ ನಾನು ಬೇಡವಂತೆ

ಸೇಂಟ್ ಜಾನ್ಸ್‌ಬರಿ, ವರ್ಮಾಂಟ್
ಏಪ್ರಿಲ್ 16, ರಾತ್ರಿ

ನನ್ನ ಮುದ್ದಿನ ಆಮಾ,

ಕಾಲಿಗೆ ಬಿದ್ದೆ ಅಂದುಕೋ. ಕೂತು ಕಾಗದ ಬರೆಯುವಷ್ಟು ತಾಳ್ಮೆ ಇವತ್ತಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಫೋನಿಗೇ ಹೇಳಿ ಕಳಿಸುತ್ತಿದ್ದೇನೆ. ನಡುವೆ ಮೂಗೆಳೆದ ಸದ್ದು ಕೇಳಿದರೆ ಶೀತ ಅಂದುಕೋ.

ನೀನೇ ಗೆದ್ದೆ. ಶನಿವಾರದ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಕೊಲಂಬಸ್‌ಗೆ ಬಂದು ಮಾಮನ ಅಂಗಡಿಯಲ್ಲಿ ಅಕ್ಕಿ ಮೂಟೆ ಜೋಡಿಸಿಕೊಂಡು ಇರುತ್ತೇನೆ. "ಲಾ ಕಾಲೇಜಿಗೆ ಹೋಗ್ದೆ ಯಾರಾದ್ರೂ ವಕೀಲ್ರಾಗ್ತಾರೇನೇ ಕಾಂಛಿ? ಆ ಮುದುಕಿ ನಿನ್ನ ಪುಕ್ಕಟೆ ದುಡಿಸ್ಕೊತಿದಾಳೆ" ಅಂತ ನೀನು ಅಂದಾಗೆಲ್ಲ ಜಗಳವಾಡುತ್ತಿದ್ದೆ. ಈ ರಾಜ್ಯದಲ್ಲಿ ಆಗಬಹುದು ಆಮಾ. ನಾಲ್ಕು ವರ್ಷ ಒಬ್ಬ ವಕೀಲರ ಕೈಕೆಳಗೆ ಓದಿ ಪರೀಕ್ಷೆಗೆ ಕೂರಬಹುದು. ನೀನು ಮುದುಕಿ ಅನ್ನುವ ನನ್ನ ಆರ್ಡಿಸ್ ಕೂಡ ಹಾಗೇ ವಕೀಲರಾದವರು. ನನಗೆ ಇನ್ನೊಂದೇ ವರ್ಷ ಉಳಿದಿತ್ತು.

ಐವತ್ತು ವರ್ಷದ ಹಿಂದೆ ಅವರು ಮೊದಲ ಸಲ ಕೋರ್ಟಿಗೆ ಹೋದಾಗ, ಜಡ್ಜ್ ಅವರನ್ನು ಟೈಪಿಸ್ಟ್ ಅಂದುಕೊಂಡು "ಒಂದು ಕಾಫಿ ತಗೊಂಬಾಮ್ಮ" ಅಂದರಂತೆ. ತಂದುಕೊಟ್ಟು, ಅದೇ ಜಡ್ಜ್ ಮುಂದೆ ನಿಂತು ಕೇಸು ಗೆದ್ದರಂತೆ. ಅವತ್ತಿನಿಂದ ಯಾವ ಹೆಣ್ಣಿಗೂ ಕಾಫಿ ತಾ ಅಂದವರಲ್ಲ. ನನಗೂ ಅಂದಿರಲಿಲ್ಲ, ಇವತ್ತಿನವರೆಗೆ.

ತೆರಿಗೆಯ ಕಡೇ ದಿನ ನಿನ್ನೆ ಮುಗಿಯಿತು. ಊರಿನವರ ಲೆಕ್ಕವನ್ನೆಲ್ಲ ಕಳಿಸಿ ಇಬ್ಬರೂ ಸುಸ್ತಾಗಿದ್ದೆವು. ಇವತ್ತು ಅವರು, "ಊರೋರ ಕೆಲಸ ಆಯ್ತು, ಇನ್ನು ನನ್ನ ಉಯಿಲು" ಅಂದರು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಮೂರು ವರ್ಷದಿಂದ ಆ ಆಫೀಸಿನ ಪ್ರತಿ ಉಯಿಲಿಗೂ ನಾನು ಸಾಕ್ಷಿ. ಜೊತೆಗೆ ಬಂದ ನೆಂಟರನ್ನೆಲ್ಲ ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆಯುತ್ತಿದ್ದರು. ಎಷ್ಟು ಹೆಮ್ಮೆಯಿತ್ತು ನನಗೆ! ಇವತ್ತೂ ಪೆನ್ನಿಗೆ ಕೈಹಾಕಿದೆ.

"ದಿಲ್‌ಮಾಯಾ, ಹೋಗಿ ಒಂದು ಕಾಫಿ ತಗೊಂಬಾ" ಅಂದರು.

ಕಾಫಿ ತಂದೆ. ಬಾಗಿಲು ಹಾಕಿತ್ತು. ಬೆಂಚಿನಲ್ಲಿ ಕೂತೆ. ಆಮೇಲೆ ಕೆಳಗಿನ ಬೇಕರಿಯ ಹಾಲಿಸ್, ಅಂಚೆ ಹಂಚುವ ಹೆಂಗಸು, ಇಬ್ಬರೂ ಸಹಿ ಹಾಕಿ ಹೊರಬಂದರು. ಹಾಲಿಸ್‌ಗೆ ತಮಾಷೆ: "ಏನ್ ವಕೀಲಮ್ಮ, ಕೆಲಸ ಹೋಯ್ತಾ?"

"ಸಾಕ್ಷಿಗೆ ನಾನಿರ್ಲಿಲ್ವಾ ಆರ್ಡಿಸ್?" ಒಳಗೆ ಹೋಗಿ ಕೇಳಿದೆ.

"ನೀನು ಬೇಡ."

"ಯಾಕೆ?"

"ಮೂರು ವರ್ಷ ಓದಿದೀಯಲ್ಲ. ಯೋಚ್ನೆ ಮಾಡು."

ಯೋಚಿಸುವುದೇನಿದೆ? ಹಾಲಿಸ್ ಈ ಊರಲ್ಲೇ ಹುಟ್ಟಿದವನು, ನಾನು ನೇಪಾಳದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವಳು. ಎಷ್ಟಾದರೂ ಹೊರಗಿನವಳು. ಲೋಟ ಮೇಜಿನ ಮೇಲೆ ಕುಕ್ಕಿ ಬಂದುಬಿಟ್ಟೆ. ಹಿಂದಿನಿಂದ ಕರೆದರು, ತಿರುಗಲಿಲ್ಲ. ಅವರ ಕೈ ನಡುಗುತ್ತದೆ ಆಮಾ, ಕಾಫಿ ಅರ್ಧಕ್ಕೇ ತುಂಬಿಸಬೇಕು. ಅಷ್ಟು ಸಿಟ್ಟಿನಲ್ಲೂ ಅರ್ಧಕ್ಕೇ ತುಂಬಿಸಿ ತಂದಿದ್ದೆ ನೋಡು.

ನಾನು ಬರುವಷ್ಟರಲ್ಲಿ ಒಣಸೊಪ್ಪಿನ ಗುಂದ್ರುಕ್ ಸಾರು ಮಾಡಿಡು. ಏನೂ ಕೇಳಬೇಡ.

ನಿನ್ನ ಕಿರೀ ಮಗಳು, ನಿನ್ನ ಕಾಂಛಿ,
ದಿಲ್‌ಮಾಯಾ

ತಾ.ಕ.: ಮಲಗಿದವಳು ಎದ್ದು ಕೂತಿದ್ದೇನೆ. ಎಂಥ ದಡ್ಡಿ ನಾನು! ಮೊದಲ ವಾರವೇ ಕಲಿಸಿದ್ದರು: ಉಯಿಲಿನಲ್ಲಿ ಯಾರಿಗೆ ಪಾಲಿದೆಯೋ ಅವರು ಸಾಕ್ಷಿ ಹಾಕಬಾರದು, ಹಾಕಿದರೆ ಆ ಪಾಲಿಗೇ ಕುತ್ತು. ಈಗೀಗ ಎಷ್ಟೋ ಕಡೆ ಕಾನೂನು ಸಡಿಲವಾಗಿದೆ. ಆರ್ಡಿಸ್ ಮಾತ್ರ ಹಳೇ ಪಟ್ಟು ಬಿಟ್ಟಿಲ್ಲ. ಸಾಕ್ಷಿಗೆ ಬೇಕಾದವರೇ ಹೊರಗಿನವರು. ನೆಂಟರನ್ನು ಬೆಂಚಿನಲ್ಲಿ ಕೂರಿಸುತ್ತಿದ್ದುದು ಅದಕ್ಕೇ.

ನನಗೆ ಏನು ಬರೆದಿದ್ದಾರೋ, ಅದು ಕೈಗೆ ಸಿಗುವ ದಿನವೇ ಬಾರದಿರಲಿ. ಟಿಕೆಟ್ ವಾಪಸ್ ಮಾಡಿದೆ. ಬೆಳಿಗ್ಗೆ ಯಾರೂ ಹೇಳದೆಯೇ ಅರ್ಧ ಲೋಟ ಕಾಫಿ ಒಯ್ಯುತ್ತೇನೆ. ಇವತ್ತು ನನ್ನನ್ನೂ ಆ ಬೆಂಚಿನಲ್ಲಿ ಕೂರಿಸಿದರು, ಆಮಾ.