ನಲವತ್ತು ಸಲ ‘ಚಿತ್ರ’

ಅಕ್ಕನಿಗೆ,

ಮೊನ್ನೆ ನೀನು ಬಸ್ ಪಾಸಿಗೆಂದು ನಮ್ಮ ಪುರಸಭೆಯ ಕೌಂಟರಿಗೆ ಬಂದಾಗ ನಾನು ಒಳಗೇ ಇದ್ದೆ. ನಿನ್ನ ಬಿಳಿ ಕೋಲು ಕಂಡ ಕೂಡಲೇ ಕಡತದ ಕಪಾಟಿನ ಹಿಂದೆ ಸರಿದು ನಿಂತೆ.

‘ನಿಮ್ಮ ವೆಬ್‌ಸೈಟಲ್ಲೇ ಅರ್ಜಿ ಹಾಕೋಣ ಅಂದ್ರೆ, ಪ್ರತಿ ಬಟನ್ನಿಗೂ ನನ್ನ ಫೋನು “ಚಿತ್ರ, ಚಿತ್ರ” ಅಂತ ಓದುತ್ತೆ ಸ್ವಾಮಿ. ನಲವತ್ತು ಸಲ ಕೇಳಿದೆ,’ ಎಂದೆ ನೀನು. ನಿನ್ನ ಹೆಸರು ಕೇಳಿ ಗುಮಾಸ್ತರು ಗೋಡೆಗೆ ಅಂಟಿಸಿದ್ದ ವೆಬ್‌ಸೈಟ್ ತಪಾಸಣೆಯ ವರದಿ ನೋಡಿದರು. ‘ಕಣ್ಣು ಕಾಣದವರ ಪರವಾಗಿ ಪರೀಕ್ಷೆ ಮಾಡಿದ್ದು ನೀವೇ ಅಂತ ಇದೆಯಲ್ಲಮ್ಮಾ?’

ನೀನು ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಆಮೇಲೆ, ‘ಹೌದೌದು, ಮಾಡಿದ್ದೆ. ನನ್ನ ಫೋನೇ ಕೆಟ್ಟಿರಬೇಕು,’ ಎಂದು ಹೊರಟುಹೋದೆ.

ಇದು ನನ್ನ ಕೆಲಸವೆಂದು ನಿನಗೆ ಆಗಲೇ ಗೊತ್ತಾಗಿತ್ತು. ಚಿತ್ರರೂಪದ ಬಟನ್ನುಗಳಿಗೆ ಫೋನು ಓದಿ ಹೇಳುವಂಥ ವಿವರಣೆ ಇದೆಯೇ ಎಂದಷ್ಟೇ ನೋಡುವ ತಪಾಸಣೆಯಲ್ಲಿ ಪಾಸಾಗಲು ಎಲ್ಲಕ್ಕೂ ಆ ಒಂದೇ ಪದ ಅಂಟಿಸಿದ್ದು ನಾನು. ನಿನ್ನನ್ನು ಕೇಳದೆ ವರದಿಯಲ್ಲಿ ನಿನ್ನ ಹೆಸರು ಬರೆದದ್ದೂ ನಾನೇ. ಶಾಲೆಯ ದಾರಿಯಲ್ಲಿ ನಿನಗೆ ಒಂದೊಂದು ಗೇಟಿನ ಬಣ್ಣ ಹೇಳುತ್ತಾ ನಡೆದವನು.

ವರದಿ ಸುಳ್ಳೆಂದು ಇವತ್ತು ಮೇಲಧಿಕಾರಿಗೆ ಬರೆದುಕೊಟ್ಟಿದ್ದೇನೆ. ಸೋಮವಾರ ಬಂದು ನನ್ನ ಪಕ್ಕ ಕೂತು ಒಂದೊಂದೇ ಬಟನ್ ಒತ್ತಿ ನೋಡುತ್ತೀಯಾ? ಎಲ್ಲರೆದುರು ಬೈದರೂ ಸರಿ, ನನ್ನನ್ನು ಕಾಪಾಡಬೇಡ.

ಈ ಪತ್ರವನ್ನು ನಿನ್ನದರಂಥದ್ದೇ ಫೋನಿನಲ್ಲಿ ಕಣ್ಣು ಮುಚ್ಚಿ ಕೇಳಿದೆ. ವೆಬ್‌ಸೈಟನ್ನೂ ಕೇಳಿದೆ. ನಿನ್ನ ಫೋನು ಕೆಟ್ಟಿಲ್ಲ ಅಕ್ಕ.

ನಿನ್ನ ತಮ್ಮ