ಮಾಳಿಗೆಯ ಕರಿಪುಡಿ

ಹೊಸಪೇಟೆ
9 ಫೆಬ್ರುವರಿ 2025

ಪಂಪೇಶ್ ಅವರಿಗೆ,

‘ಪ್ರೀತಿಯ’ ಎಂದು ಸೇರಿಸಲು ಕೈ ಏಳಲಿಲ್ಲ. ನಾವು ಬೇರೆಯಾಗಿ ವರ್ಷವಾಯಿತೆಂದಲ್ಲ. ನನಗೆ ಕೆಟ್ಟ ಸಿಟ್ಟು ಬಂದಿದೆ. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಖಾನೆಯ ಹೊಗೆಯ ಬಗ್ಗೆ ಕೇಳಲು ನಿಮ್ಮೂರು ವಡ್ಡುವಿನ ಜನ ಸೇರಿದ್ದ ಸಭೆಯಲ್ಲಿ, ಕಂಪನಿಯ ಪರವಾಗಿ ಮೈಕ್ ಹಿಡಿದು ಹೇಳಿದಿರಂತೆ: “ಕಾರ್ಬನ್ನಿಗೆ ಯಾಕ ಅಂಜ್ತೀರಿ? ಅದರ ಕಣದಿಂದ್ಲೇ ಕ್ಯಾನ್ಸರಿಗೆ ಔಷಧ ಮಾಡಾಕತ್ತಾರ. ನನ್ನ ಹೆಂಡ್ತಿ ಮಾಡೋ ಕೆಲಸನೂ ಅದೇ.” ಜಗಳವಾದಾಗಲೆಲ್ಲ ಅದನ್ನೇ ಮಸಿ ತಿಕ್ಕುವ ಕೆಲಸ ಎಂದು ಹಂಗಿಸಿದವರು ನೀವು. ಈಗ ಕಂಪನಿಗೆ ಬೇಕಾದಾಗ ನಾನು ಹೆಂಡತಿಯಾದೆನೇ?

ನಮ್ಮ ಲ್ಯಾಬಿನ ಕಣಗಳು ಶುದ್ಧವಾಗಿ ತಯಾರಾದವು, ಕಣ್ಣಿಗೆ ಕಾಣದಷ್ಟು ಸಣ್ಣವು. ಔಷಧವನ್ನು ಗಡ್ಡೆಯವರೆಗೆ ಹೊತ್ತೊಯ್ಯುತ್ತವೆಯೇ ಎಂದು ಇಲಿಗಳ ಮೇಲೆ ನೋಡುತ್ತಿದ್ದೇವೆ. ಮನುಷ್ಯರಿಗೆ ಕೊಡುವ ಮಾತು ಇನ್ನೂ ದೂರ. ಚಿಮಣಿಯ ಮಸಿಗೂ ಅದಕ್ಕೂ ಏನು ಸಂಬಂಧ? ನಿಮಗೆ ಇದು ಗೊತ್ತು. ಗೊತ್ತಿದ್ದೇ ಹೇಳಿದಿರಿ. ನಾಚಿಕೆಯಾಗಬೇಕು ನಿಮಗೆ.

ಇನ್ನೊಂದು ಕೇಳಿ. ನಿಮ್ಮ ತಾಯಿಯ ಎದೆಯಲ್ಲಿ ಗಡ್ಡೆಯಾಗಿದೆ. ಕ್ಯಾನ್ಸರ್, ಬೇಗ ಆಪರೇಷನ್ ಆದರೆ ಉಳಿಯುತ್ತಾರೆ ಎಂದಿದ್ದಾರೆ ಡಾಕ್ಟರು. ನಿಮಗೆ ತಿಳಿಸಬಾರದೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದರು, ಮುರಿದಿದ್ದೇನೆ. ಆಪರೇಷನ್ನಿಗೆ ಒಪ್ಪಿದ್ದವರು, ನಿಮ್ಮ ಸಭೆಯಾದ ಮೇಲೆ ಆಸ್ಪತ್ರೆಯೇ ಬೇಡ ಎನ್ನುತ್ತಿದ್ದಾರೆ. ನಿನ್ನೆ ವಡ್ಡುವಿಗೆ ಹೋದರೆ, ಚಿಮಣಿಯಿಂದ ಮಾಳಿಗೆಯ ಮೇಲೆ ಬಿದ್ದ ಕರಿಪುಡಿಯನ್ನು ಗುಡಿಸಿ, ಹಳೆ ಸೀರೆಯ ಚೂರಿನಲ್ಲಿ ಸೋಸಿ, ಜೇನುತುಪ್ಪದಲ್ಲಿ ಕಲಸಿ ನೆಕ್ಕುತ್ತಿದ್ದರು. ಅದೂ ಕಟ್ಟೆಯ ಮೇಲೆ ಕೂತು, ಓಣಿಯವರೆಲ್ಲ ನೋಡುವಂತೆ! ನಾನು ಬಟ್ಟಲು ಕಿತ್ತುಕೊಂಡು ಮೋರಿಗೆ ಸುರಿದೆ. “ನನ್ನ ಮಗ ಮೈಕಿನ್ಯಾಗ ಹೇಳ್ಯಾನ” ಎಂದರು. ಓದಿದವಳು ನಾನು ಎಷ್ಟು ಹೇಳಿದರೂ ಅದೊಂದೇ ಮಾತು.

ನೀವಿರುವ ಸಂಡೂರಿನಿಂದ ವಡ್ಡು ದೂರವೇನಿಲ್ಲ. ಈ ಕಾಗದ ಮುಟ್ಟಿದ ದಿನವೇ ಬನ್ನಿ. ಅದೇ ಜನರ ಮುಂದೆ ನಿಂತು, ‘ನಾನು ಹೇಳಿದ್ದು ಸುಳ್ಳು’ ಎನ್ನಿ. ನೌಕರಿ ಹೋದರೆ ಹೋಗಲಿ.

ಸಿಟ್ಟಿನಿಂದಲೇ,
ಅಂಜಲಿ

ತಾ.ಕ.: ಇದನ್ನು ಬರೆಯುವುದು ಬೇಡವೆಂದುಕೊಂಡಿದ್ದೆ. ನಾನು ಹೊರಟಾಗ ಅತ್ತೆ ಆಟೋದವರೆಗೆ ಬಂದು ಮೆಲ್ಲಗೆ ಹೇಳಿದರು: “ಅದು ಬರೇ ಮಸಿ ಅಂತ ನನಗೂ ಗೊತ್ತೈತವ್ವ. ಹೆತ್ತ ತಾಯಿನೇ ಅದನ್ನ ಬಿಟ್ಟು ದವಾಖಾನಿಗೆ ಹೋದ್ರ, ಅವ ಸುಳ್ಳ ಹೇಳ್ಯಾನ ಅಂತ ಊರಿಗೆಲ್ಲ ಗೊತ್ತಾಗಂಗಿಲ್ಲೇನು?”