ಟವೆಲಿನಡಿಯ ಕೈ

ತಿಪಟೂರು
೧೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಗಿರಿಜಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತನ ಮಾಡಲು ಹೋದವಳು ನೀನೇ ಹಾಸಿಗೆ ಹಿಡಿದೀಯೆ, ದಿನಾ ಎಣ್ಣೆ ಹಚ್ಚಿಕೋ. ಲಿಖಿತಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ? ಮೊಮ್ಮಗಳ ಕೂದಲು ನನ್ನ ಹಾಗೆ ಗುಂಗುರು ಎಂದು ಕೇಳಿ ಬೀಗಿದ್ದೇನೆ. ನನ್ನ ತಲೆಯಲ್ಲಿ ಈಗ ಸಾಕ್ಷಿ ಉಳಿದಿಲ್ಲ, ಅದು ಬೇರೆ ಮಾತು. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎನ್ನಬೇಡ. ನೀನು ಸ್ಪೀಕರಿಗೆ ಹಾಕಿಯೇ ಮಾತಾಡುವವಳು. ಇದು ಬಾಣಂತಿಯ ಕಿವಿಗೆ ಬೀಳಬಾರದ ಸುದ್ದಿ.

ನಮ್ಮ ಮಹಾಂತೇಶನ ಮೊಬೈಲ್ ಅಂಗಡಿಯಲ್ಲಿ ಇರುವ ಫೋನಿಗಿಂತ ಬರಲಿರುವ ಫೋನಿನದೇ ಮಾತು. ಎಷ್ಟಾಗಬಹುದು, ಎಷ್ಟಾಗಬಹುದು ಎಂದು ದಿನವಿಡೀ ಗಲಾಟೆ. ಹೋದ ತಿಂಗಳು ನನಗೆ ರೇಗಿಹೋಗಿ, "ದನದ ದಲ್ಲಾಳಿ ಮಾಡ್ದೋನು ನಾನು. ಬೆಲೆನ ಹಿಂಗೆ ಬಾಯಲ್ಲಿ ಆಡ್ತಾರೇನ್ರೋ?" ಎಂದು ಹೆಗಲ ಟವೆಲನ್ನು ಕೌಂಟರಿನ ಮೇಲೆ ಹಾಸಿ ಅದರಡಿ ಕೈಯಿಟ್ಟೆ. ನಿನಗೆ ಗೊತ್ತಲ್ಲ, ಬೆರಳು ಒತ್ತಿ ಬೆಲೆ ಹೇಳುವುದು, ಒಪ್ಪಿದರೆ ಇಡೀ ಕೈ ಹಿಡಿದು ಅದುಮುವುದು. ಅದುಮಿದ ಮೇಲೆ ಪ್ರಾಣ ಹೋದರೂ ಮಾತು ತಪ್ಪುವಂತಿಲ್ಲ. ಎದುರಿಗೆ ಕೊಬ್ಬರಿ ಮಾರಿ ಬಂದಿದ್ದ ದಂಡಿನಶಿವರದ ಬೋರಯ್ಯ ಕೂತಿದ್ದ. ಬೆರಳು ತಗುಲಿತು: ಮೊದಲು ಐದು, ಆಮೇಲೆ ನಾಲ್ಕು. ಐವತ್ನಾಲ್ಕು ಸಾವಿರ ಅಂದೆ. ಎಲ್ಲರೂ ನಕ್ಕರು. ಎಪ್ಪತ್ತಕ್ಕೆ ಕಮ್ಮಿಯಿಲ್ಲ ಎಂದು ಯೂಟ್ಯೂಬಿನವರು ಹೇಳಿದ್ದರಂತೆ. ವಾರದಲ್ಲಿ ಆ ಹೊಸ ಫೋನ್ ಅಂಗಡಿಗೆ ಬಂತು, ಐವತ್ನಾಲ್ಕಕ್ಕೇ. ಬೋರಯ್ಯ ಸಿಕ್ಕಾಗ ಬೆನ್ನು ತಟ್ಟಿದೆ. ಅವನು ನನ್ನ ಮುಖವನ್ನೇ ನೋಡಿ, "ನಾನ್ಯಾವಾಗ ಕೈ ಇಕ್ಕಿದ್ದೆ ಕಣ್ರೀ? ಒಂದ್ ಕೈಲಿ ಕಾಫಿ, ಇನ್ನೊಂದ್ರಲ್ಲಿ ಚೀಲ ಇತ್ತಲ್ಲ" ಎಂದ.

ಅಲ್ಲಿಗೇ ಬಿಡಬೇಕಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆವು. ಹೊಸ ಟೀವಿ, ಹೊಸ ವಾಚು, ಏನು ಬರುವುದಿದ್ದರೂ ಮಹಾಂತೇಶನದು "ಇದೊಂದ್ಸಲ ಅಪ್ಪಾಜಿ" ಎಂಬ ರಾಗ. ಎದುರಿಗೆ ಯಾರೂ ಇಲ್ಲದಿದ್ದರೂ ಬೆರಳು ಬರುತ್ತಿತ್ತು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಟವೆಲ್ ಮಾತ್ರ ನನ್ನದೊಂದೇ ಕೈ ಇದ್ದಷ್ಟು ಉಬ್ಬಿರುತ್ತಿತ್ತು. ಹೇಳಿದ ಒಂದು ಬೆಲೆಯೂ ತಪ್ಪಲಿಲ್ಲ. ಊರಿಗೆ ಊರೇ ನಮ್ಮ ಅಂಗಡಿಗೆ ಮುಗಿಬಿದ್ದಿತು. ಹೋದ ಶುಕ್ರವಾರ ನಾನು ಏನೂ ಕೇಳುವ ಮೊದಲೇ ಅದು ಒತ್ತಿತು. ಒತ್ತಿ, ಕಾದು, ಇನ್ನೊಂದು ಬೆರಳು ಸೇರಿಸಿತು. ಕೊಳ್ಳುವವನ ಒತ್ತು ನನಗೆ ತಿಳಿಯದೇ ಗಿರಿಜಾ? ಅದು ನಮ್ಮಿಂದ ಏನನ್ನೋ ಕೊಳ್ಳಲು ಬಂದಿದೆ. ಕೈ ಕಿತ್ತುಕೊಂಡೆ. ಆ ಟವೆಲನ್ನು ತೆಂಗಿನ ಮಟ್ಟೆಯ ಜೊತೆ ಬಚ್ಚಲ ಒಲೆಗೆ ಹಾಕಿ ಸುಟ್ಟೆ. "ವ್ಯಾಪಾರ ಕುದುರೋ ಹೊತ್ಗೆ ನಿಮ್ದೊಂದು" ಎಂದು ಮಗ ಮುಖ ಊದಿಸಿಕೊಂಡಿದ್ದಾನೆ. ನಾನು ಹೆದರಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು ನಿನ್ನ ಮಾತು ಮೀರುವವನಲ್ಲ. ಬೈದಾದರೂ ಬುದ್ಧಿ ಹೇಳು.

ಲಿಖಿತಾಳನ್ನೂ ಪುಟ್ಟಿಯನ್ನೂ ಇಲ್ಲಿಂದಲೇ ಹರಸಿದ್ದೇನೆ. ಅಳಿಯಂದಿರಿಗೆ ಶರಣು ತಿಳಿಸು. ಚಟ್ನಿಪುಡಿ ಮುಗಿದು ಉಪ್ಪಿನಕಾಯಿಯಲ್ಲೇ ಕಾಲ ಹಾಕುತ್ತಿದ್ದೇನೆ, ಬೇಗ ಬಾ.

ನಿನ್ನ
ತೋಂಟದಾರ್ಯ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮಹಾಂತೇಶ ಬಂದ. ಹೊಸ ಟವೆಲ್ ಹಾಸಿ ತಾನೇ ಕೈಯಿಟ್ಟನಂತೆ. ಭಾರೀ ಬೆಲೆ ಬಂತು, ಒಪ್ಪಿ ಅದುಮಿಬಿಟ್ಟೆ ಎಂದ. ಏನು ಮಾರಿದೆಯೋ ಅಂದರೆ, "ಅದ್ ನಂಗೇನ್ ಗೊತ್ತು ಅಪ್ಪಾಜಿ? ಆಟಕ್ಕೆ ಅದುಮ್ದೆ" ಎಂದು ನಗುತ್ತಾನೆ. ನಾಮಕರಣದವರೆಗೂ ತಡೆಯಲಾರನಂತೆ, ಪುಟ್ಟಿಯನ್ನು ಎತ್ತಿಕೊಳ್ಳಬೇಕು ಎಂದು ಕೈ ತುಡಿಯುತ್ತಿದೆಯಂತೆ. ಶನಿವಾರವೇ ಬರುತ್ತಾನೆ. ನಮ್ಮ ಮಗನೇ, ಹೊಟ್ಟೆ ತುಂಬ ಊಟಕ್ಕಿಡು. ಮಗುವನ್ನು ಮಾತ್ರ ಅವನ ಕೈಗೆ ಕೊಡಬೇಡ.